ಎದುರುಗಾಳಿಗೆ ಎಷ್ಟು ಹಲ್ಲು?

ಹುಬ್ಬಳ್ಳಿಯಿಂದ ನವಲಗುಂದದ ಕಡೆಗೋ ಅಣ್ಣಿಗೇರಿಯ ಕಡೆಗೋ ಹೊರಟ ಬಸ್ಸು ಎಲ್ಲ ಊರುಗಳ ಒಳಗೂ ಹೊಕ್ಕು ಬರುವುದಿಲ್ಲ. ಹೆದ್ದಾರಿಯ ಕ್ರಾಸಿನಲ್ಲಿ ನಾಲ್ಕು ಮಂದಿಯನ್ನು ಇಳಿಸಿ ಮುಂದೆ ಹೋಗುತ್ತದೆ. ಅಲ್ಲಿಂದ ಊರು ಮೂರು ಕಿಲೊಮೀಟರ್ ಇರಬಹುದು, ಏಳೂ ಇರಬಹುದು. ಊರಿನ ಬಸ್ಸಿಗೆ ಅದರದೇ ಹೊತ್ತು, ಟಂಟಂ ತುಂಬುವ ತನಕ ಹೊರಡುವುದಿಲ್ಲ. ಶಾಲೆಯ ಮಾಸ್ತರರು, ಬ್ಯಾಂಕಿನವರು, ಪಂಚಾಯಿತಿ ಕಚೇರಿಯವರು, ಆರೋಗ್ಯ ಕೇಂದ್ರದ ಸಿಸ್ಟರ್‌ಗಳು ದಿನಾ ಈ ಕ್ರಾಸಿನಲ್ಲಿ ನಿಂತು ಕಾಯುವವರೇ. ರೈಲಿನಲ್ಲಿ ಬರುವವರ ಕಥೆಯೂ ಇದೇ. ಗದಗ ಮಾರ್ಗದಲ್ಲಿ ಕುಸುಗಲ್ಲ, ಹೆಬಸೂರ, ಅಣ್ಣಿಗೇರಿ; ಹಾವೇರಿ ಮಾರ್ಗದಲ್ಲಿ ಕುಂದಗೋಳ, ಸಂಶಿ, ಗುಡಗೇರಿ. ನಿಲ್ದಾಣದಲ್ಲಿ ಇಳಿದ ಮೇಲೆ ಉಳಿಯುವ ದಾರಿ ನಡೆಯಲು ದೂರ, ಬೈಕು ತರಲು ಆಗುವುದಿಲ್ಲ.

ಮಡಚುವ ಸೈಕಲ್ ಇಂಥ ದಾರಿಗೆಂದೇ ಮಾಡಿದ ಹಾಗಿದೆ. 20 ಇಂಚಿನ ಚಕ್ರ, 12ರಿಂದ 15 ಕೆ.ಜಿ. ತೂಕ, ಮಡಚಿ ಚೀಲಕ್ಕೆ ಹಾಕಿದರೆ ಬಸ್ಸಿನಲ್ಲಿ ಗೋಣಿಚೀಲ ಇಡುವ ಜಾಗದಲ್ಲಿ ಕೂರುತ್ತದೆ. ಬೆಂಗಳೂರಿನ ನಮ್ಮ ಮೆಟ್ರೊ 2021ರಲ್ಲಿ ಇಂಥ ಸೈಕಲ್ಲಿಗೆ ಒಪ್ಪಿಗೆ ಕೊಟ್ಟಾಗ ಪತ್ರಿಕೆಗಳಲ್ಲಿ ಅದು ಪಟ್ಟಣದವರ ಸುದ್ದಿಯಾಗಿ ಬಂತು. ನನಗೆ ಆಗಲೂ ಈಗಲೂ ಅನ್ನಿಸುವುದು, ಈ ಸೈಕಲ್ಲಿನ ನಿಜವಾದ ಅಗತ್ಯ ಇರುವುದು ನಮ್ಮ ಕ್ರಾಸುಗಳಲ್ಲಿ ಎಂದು. ಆದರೆ ಆಸೆಯಿಂದ ತಂದವರಲ್ಲಿ ಹಲವರು ಒಂದು ಮಳೆಗಾಲ ಕಳೆಯುವುದರೊಳಗೆ ಅದನ್ನು ಅಟ್ಟಕ್ಕೇರಿಸುತ್ತಾರೆ. ಕೇಳಿದರೆ ಮೊಣಕಾಲು ನೋವು ಎನ್ನುತ್ತಾರೆ, ಇಲ್ಲವೇ ಎಷ್ಟು ತುಳಿದರೂ ಮುಂದೆ ಹೋಗುವುದಿಲ್ಲ ಎನ್ನುತ್ತಾರೆ. ಎರಡೂ ದೂರು ಬರುವುದು ಒಂದೇ ಕಡೆಯಿಂದ. ಹಲ್ಲಿನ ಲೆಕ್ಕ ನೋಡದೆ ಸೈಕಲ್ ಕೊಂಡಿರುತ್ತಾರೆ.

ನಮ್ಮ ಕಡೆಯ ದೊಡ್ಡ ಸೈಕಲ್ಲಿನಿಂದಲೇ ಶುರು ಮಾಡೋಣ. ಮದ್ರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೊ 1956ರಲ್ಲಿ ಶುರುವಾದವು. ಹರ್ಕ್ಯುಲಿಸ್ ಇರಲಿ, ಅಟ್ಲಾಸ್ ಇರಲಿ, ಹೀರೊ ಇರಲಿ, ಕರಿ ಬಣ್ಣದ 28 ಇಂಚಿನ ಸೈಕಲ್ಲಿನ ಮೈಕಟ್ಟು ಒಂದೇ. ಮುಂದಿನ ಚೈನ್ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವ್ಹೀಲಿಗೆ 18 ಹಲ್ಲು ಎಂದು ಇಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಎರಡೂವರೆ ಸುತ್ತಿಗೆ ತುಸು ಕಡಿಮೆ ತಿರುಗುತ್ತದೆ. ಆ ಚಕ್ರದ ಸುತ್ತಳತೆ ಸುಮಾರು 2.23 ಮೀಟರ್. ಅಂದರೆ ಒಂದು ಸುತ್ತು ತುಳಿದರೆ ಸೈಕಲ್ 5.45 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 20 ಕಿ.ಮೀ. ಗಾಳಿ ಇಲ್ಲದ ಮುಂಜಾನೆ, ಸಪಾಟಾದ ಡಾಂಬರು ರಸ್ತೆ, ಗಟ್ಟಿ ಕಾಲು ಇದ್ದವರಿಗೆ ಇದು ಸರಿಯಾದ ಅಳತೆ.

ಇದೇ 44 ಮತ್ತು 18ರ ಜೋಡಿಯನ್ನು 20 ಇಂಚಿನ ಸೈಕಲ್ಲಿಗೆ ಹಾಕಿ ನೋಡಿ. ಸಣ್ಣ ಚಕ್ರದ ಸುತ್ತಳತೆ 1.55 ಮೀಟರ್ ಆಸುಪಾಸು. ಒಂದು ಸುತ್ತಿಗೆ 3.8 ಮೀಟರ್ ಮಾತ್ರ ಸಾಗುತ್ತದೆ. ಕಾಲು ಗಿರಗಿರ ತಿರುಗುತ್ತದೆ, ದಾರಿ ಸರಿಯುವುದಿಲ್ಲ. ಅದಕ್ಕೇ ಒಳ್ಳೆಯ ಮಡಚುವ ಸೈಕಲ್ಲುಗಳಲ್ಲಿ ಮುಂದಿನ ಚೈನ್ ಚಕ್ರ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಿರುತ್ತದೆ, 48 ಹಲ್ಲು, 52 ಹಲ್ಲು. ಅದನ್ನು ನೋಡಿ ‘ಇದು ಭಾರ ಆಗತೈತಿ’ ಎಂದು ಹೆದರಬೇಕಿಲ್ಲ. ಚಕ್ರ ಸಣ್ಣದಾದ್ದರಿಂದ ಕಳೆದುಹೋದದ್ದನ್ನು ಆ ಹಲ್ಲುಗಳು ಮರಳಿ ತಂದುಕೊಡುತ್ತವೆ, ಅಷ್ಟೇ.

ಈ ಲೆಕ್ಕಕ್ಕೆ ಕಾಗದವೂ ಬೇಡ. ಅಂಗಡಿಯ ಮುಂದಿನ ಕಟ್ಟೆಯ ಹತ್ತಿರ ಸೈಕಲ್ ನಿಲ್ಲಿಸಿ. ಒಂದು ಪೆಡಲ್ ಕೆಳಗೆ ಬರಲಿ. ಹಿಂದಿನ ಚಕ್ರ ನೆಲ ಮುಟ್ಟಿದ ಕಡೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಫ್ರೀವ್ಹೀಲ್ ಜಾರದಂತೆ ಪೆಡಲನ್ನೇ ಕೈಯಿಂದ ಒತ್ತುತ್ತ ಸೈಕಲ್ಲನ್ನು ನಡೆಸಿ, ಅದೇ ಪೆಡಲ್ ಒಂದು ಪೂರ್ತಿ ಸುತ್ತು ಬಂದು ಮತ್ತೆ ಕೆಳಗೆ ನಿಂತಾಗ ಇನ್ನೊಂದು ಗೆರೆ ಎಳೆಯಿರಿ. ನಡುವಿನ ಅಂತರವನ್ನು ಟೇಪಿನಿಂದ ಅಳೆಯಿರಿ. ಎಲ್ಲಕ್ಕಿಂತ ಹಗುರವಾದ ಗೇರಿನಲ್ಲಿ ಒಮ್ಮೆ, ಎಲ್ಲಕ್ಕಿಂತ ಭಾರದ ಗೇರಿನಲ್ಲಿ ಒಮ್ಮೆ ಅಳೆದರೆ ಆ ಸೈಕಲ್ಲಿನ ಜಾತಕ ನಿಮ್ಮ ಕೈಯಲ್ಲಿರುತ್ತದೆ. ಇಂಗ್ಲೆಂಡಿನವರು ಇದನ್ನು ಇಂಚಿನಲ್ಲಿ ಹೇಳುತ್ತಾರೆ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇದ್ದ ಹಳೆಯ ಕಾಲದ ಸೈಕಲ್ಲಿನಲ್ಲಿ ಪೆಡಲ್ ನೇರ ಚಕ್ರಕ್ಕೇ ಇರುತ್ತಿತ್ತು, ಹಾಗಾಗಿ ಚಕ್ರದ ಅಡ್ಡಳತೆಯೇ ಗೇರಿನ ಅಳತೆ. ಆ ರೂಢಿ ಅಲ್ಲಿ ಹಾಗೇ ಉಳಿದುಬಂತು. ನಮಗೆ ಮೀಟರಿನ ಲೆಕ್ಕವೇ ಅನುಕೂಲ.

ಅಂಗಡಿಯಲ್ಲಿ ಗೇರಿನ ಮಾತು ತೆಗೆದರೆ ಸಾಮಾನ್ಯವಾಗಿ ಬರುವ ಮಾತು ಒಂದು: ‘ಗೇರ್ ಯಾಕ್ ಬೇಕ್ರೀ ಸರ, ನಮ್ ಕಡೆ ಗುಡ್ಡ ಎಲ್ಲೈತ್ರೀ?’ ನವಲಗುಂದದ ಗುಡ್ಡ ಬಿಟ್ಟರೆ ಆ ತಾಲ್ಲೂಕಿನಲ್ಲಿ ಕಣ್ಣು ಹಾಯುವವರೆಗೆ ಎರೆ ಬಯಲೇ ಎಂಬುದು ನಿಜ. ಬೆಣ್ಣಿಹಳ್ಳ, ತುಪ್ಪರಿಹಳ್ಳದ ಇಳಿಜಾರು ಬಿಟ್ಟರೆ ಏರು ಅನ್ನುವಂಥದ್ದು ಸಿಗುವುದಿಲ್ಲ. ಆದರೆ ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢ ಹೊಕ್ಕಿತೆಂದರೆ ಪಡುವಲ ಗಾಳಿ ಬಯಲಿನ ಮೇಲೆ ಬಿದ್ದು ಹೊರಳುತ್ತದೆ. ಅಡ್ಡ ಹಿಡಿಯಲು ಮರವಿಲ್ಲ, ದಿಣ್ಣೆಯಿಲ್ಲ. ಮಲಪ್ರಭಾ ಬಲದಂಡೆ ಕಾಲುವೆಯ ದಂಡೆಯ ಮೇಲೆ ಹೋಗುವವನಿಗಂತೂ ನೆಲಮಟ್ಟದ ಆಸರೆಯೂ ಇರುವುದಿಲ್ಲ. ಈ ಸೀಮೆಯ ಏರು ನೆಲದಲ್ಲಿಲ್ಲ, ಗಾಳಿಯಲ್ಲಿದೆ.

ಎಷ್ಟು ಏರು ಎಂದು ಲೆಕ್ಕ ಹಾಕಬಹುದು. ಸವಾರ, ಸೈಕಲ್, ಚೀಲ ಎಲ್ಲ ಸೇರಿ 80 ಕೆ.ಜಿ. ಎಂದಿಟ್ಟುಕೊಂಡರೆ, ಗಾಳಿ ಇಲ್ಲದ ದಿನ ಡಾಂಬರಿನ ಮೇಲೆ ಗಂಟೆಗೆ 15 ಕಿ.ಮೀ. ಹೋಗಲು ಸುಮಾರು 50 ವ್ಯಾಟ್ ಶಕ್ತಿ ಸಾಕು. ಮಾತಾಡುತ್ತ ತುಳಿಯಬಹುದು. ಗಂಟೆಗೆ 20 ಕಿ.ಮೀ. ಗಾಳಿ ಎದೆಗೆ ಹೊಡೆಯತೊಡಗಿದರೆ ಅದೇ 15 ಕಿ.ಮೀ. ವೇಗಕ್ಕೆ 150 ವ್ಯಾಟಿನ ಸಮೀಪ ಬೇಕಾಗುತ್ತದೆ. ಮೂರು ಪಟ್ಟು. ದಿನಾ ಕೆಲಸಕ್ಕೆ ಹೋಗುವ ಮನುಷ್ಯ ಅಷ್ಟು ಶಕ್ತಿಯನ್ನು ಅರ್ಧ ಗಂಟೆ ಸುರಿಯಲಾರ. 70 ವ್ಯಾಟಿಗೆ ಒಪ್ಪಿಕೊಂಡರೆ ವೇಗ ಗಂಟೆಗೆ 9 ಕಿ.ಮೀ.ಗೆ ಇಳಿಯುತ್ತದೆ. ಆ ಗಾಳಿ ನೂರು ಮೀಟರಿಗೆ ಎರಡೂವರೆ ಮೀಟರ್ ಏರುವ ರಸ್ತೆಗೆ ಸಮ. ಗಾಳಿ 30 ಕಿ.ಮೀ. ಮುಟ್ಟಿದರೆ ನಾಲ್ಕೂವರೆ ಮೀಟರಿನ ಏರು. ನೆಲದ ಏರಿಗೆ ತುದಿ ಎಂಬುದೊಂದಿರುತ್ತದೆ, ಹತ್ತಿದ ಮೇಲೆ ಇಳಿಜಾರು ಸಿಗುತ್ತದೆ. ಗಾಳಿಯ ಏರು ಊರು ಬರುವ ತನಕ ಮುಗಿಯುವುದಿಲ್ಲ.

ಮೊಣಕಾಲು ಹೋಗುವುದು ಇಲ್ಲಿಯೇ. ಗಂಟೆಗೆ 9 ಕಿ.ಮೀ. ಎಂದರೆ ನಿಮಿಷಕ್ಕೆ 150 ಮೀಟರ್. ಒಂದು ಸುತ್ತಿಗೆ 5.45 ಮೀಟರ್ ಹೋಗುವ ಸೈಕಲ್ಲಿನಲ್ಲಿ ನಿಮಿಷಕ್ಕೆ 27–28 ಸುತ್ತು ಮಾತ್ರ ತುಳಿಯಲು ಸಾಧ್ಯ. ಒಂದೊಂದು ಸುತ್ತಿಗೂ ಸೀಟಿನಿಂದ ಎದ್ದು ಮೈಭಾರ ಹಾಕಬೇಕು. 2.7 ಮೀಟರಿನ ಗೇರು ಇದ್ದರೆ ಅದೇ ವೇಗಕ್ಕೆ 55 ಸುತ್ತು ಬರುತ್ತದೆ, ಪ್ರತಿ ಸುತ್ತಿನಲ್ಲಿ ಕಾಲಿನ ಮೇಲೆ ಬೀಳುವ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಕೂತಲ್ಲಿಯೇ ಕೂತು, ಉಸಿರು ಕಟ್ಟದೆ ಹೋಗಬಹುದು. ಬೇಗ ತಲುಪುವುದಿಲ್ಲ. ಮರುದಿನ ಮತ್ತೆ ಸೈಕಲ್ ತೆಗೆಯುವ ಮನಸ್ಸು ಉಳಿಯುತ್ತದೆ.

ಹಾಗಾಗಿ ಅಂಗಡಿಯಲ್ಲಿ ‘ಎಷ್ಟು ಗೇರು’ ಎಂದು ಕೇಳಿ ಪ್ರಯೋಜನವಿಲ್ಲ. ಆರೋ ಏಳೋ ಎಂಬ ಸಂಖ್ಯೆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಎಲ್ಲಕ್ಕಿಂತ ಹಗುರದ ಗೇರು ಒಂದು ಸುತ್ತಿಗೆ ಎಷ್ಟು ಮೀಟರ್ ಹೋಗುತ್ತದೆ ಎಂದು ಕೇಳಿ, ಅವರು ಹೇಳದಿದ್ದರೆ ಸೀಮೆಸುಣ್ಣ ಹಿಡಿದು ನೀವೇ ಅಳೆಯಿರಿ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಯಲಿಗೆ ಅದು ಮೂರು ಮೀಟರಿಗಿಂತ ಕಡಿಮೆ ಇರಲೇಬೇಕು. ಭಾರದ ಗೇರಿನ ಚಿಂತೆ ಅಷ್ಟು ಬೇಡ. ಗಾಳಿ ಬೆನ್ನಿಗೆ ಬಿದ್ದಾಗಲೂ ಸಣ್ಣ ಚಕ್ರದ ಸೈಕಲ್ಲನ್ನು ಗಂಟೆಗೆ 25 ಕಿ.ಮೀ. ಮೀರಿ ಓಡಿಸುವುದು ಜಾಣತನವಲ್ಲ, ನಮ್ಮ ರಸ್ತೆಯ ಒಂದು ಗುಂಡಿ ಸಾಕು. ಆ ವೇಗಕ್ಕೆ ಐದೂವರೆ ಮೀಟರಿನ ಗೇರು ಧಾರಾಳವಾಯಿತು.

ಮಾರುಕಟ್ಟೆಯಲ್ಲಿ ಸಿಗುವ 20 ಇಂಚಿನ ಗೇರಿನ ಸೈಕಲ್ಲುಗಳಲ್ಲಿ ಬಹುತೇಕ ಹಿಂದೆ 14ರಿಂದ 28 ಹಲ್ಲಿನವರೆಗಿನ ಫ್ರೀವ್ಹೀಲ್ ಇರುತ್ತದೆ. ಮುಂದೆ 52 ಇದ್ದರೆ ಹಗುರದ್ದು 2.9, ಭಾರದ್ದು 5.8 ಮೀಟರ್. ಮುಂದೆ 48 ಇದ್ದರೆ 2.7ರಿಂದ 5.3. ನನ್ನ ಮತ ಈ 48ಕ್ಕೆ. 52 ಹಾಕಿದ ಸೈಕಲ್ ನೋಡಲು ಚೆಂದ, ಶಾಂತ ಗಾಳಿಯಲ್ಲಿ ಓಡಿಸಲೂ ಚೆಂದ, ಆದರೆ ಹೆಗಲಿಗೆ ಚೀಲ, ಎದುರಿಗೆ ಆಷಾಢ ಎಂದಾಗ ಆ ನಾಲ್ಕು ಹಲ್ಲಿನ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ.

ದಿಕ್ಕಿನ ಮಾತೊಂದಿದೆ. ನವಲಗುಂದ, ಅಣ್ಣಿಗೇರಿ ಎರಡೂ ಹುಬ್ಬಳ್ಳಿಗೆ ಮೂಡಣ ದಿಕ್ಕಿನವು. ಮುಂಜಾನೆ ಕ್ರಾಸಿನಿಂದ ಮೂಡಲಿಗೆ ಹೋಗುವವರಿಗೆ ಗಾಳಿ ಬೆನ್ನಿಗಿರುತ್ತದೆ, ಅದೂ ಇನ್ನೂ ಮೆದುವಾಗಿರುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಗಾಳಿಗೆ ಬಿರುಸು ಬರುತ್ತದೆ. ಸಂಜೆ ದಣಿದು ಮರಳುವಾಗ ಅದೇ ಗಾಳಿ ಎದುರಿಗೆ, ಆರು ಗಂಟೆಯ ಬಸ್ಸು ಹಿಡಿಯುವ ಅವಸರ ಬೇರೆ. ಬೆಳಗಿನ ಸುಖ ನೋಡಿ ಗೇರು ಆರಿಸಿದವರು ಸಂಜೆ ಸೈಕಲ್ ತಳ್ಳಿಕೊಂಡು ಬರುತ್ತಾರೆ. ಸಂಜೆಯ ದಾರಿಗೆ ಹೊಂದುವ ಗೇರು ಬೆಳಗಿಗೆ ತಾನಾಗಿಯೇ ಹೊಂದುತ್ತದೆ.

ಇನ್ನು ಗೇರು ಬದಲಿಸುವ ಯಂತ್ರದ ವಿಚಾರ. ಇಲ್ಲಿ ಪಟ್ಟಣದ ಸಲಹೆಯೂ ನಮ್ಮ ದಾರಿಯೂ ಬೇರೆ ಬೇರೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ, ಹಿಂದೆ ಜೋತುಬಿದ್ದಿರುವ ಯಂತ್ರ ಅಗ್ಗ, ಹಗುರ, ಎಲ್ಲೆಡೆ ಸಿಗುವಂಥದ್ದು. ದೊಡ್ಡ ಚಕ್ರದ ಸೈಕಲ್ಲಿನಲ್ಲಿ ಅದು ನೆಲದಿಂದ ಸಾಕಷ್ಟು ಮೇಲಿರುತ್ತದೆ. 20 ಇಂಚಿನದರಲ್ಲಿ ಅದರ ಕೆಳಗಿನ ಪುಟ್ಟ ಗಾಲಿ ನೆಲದಿಂದ ಅರ್ಧ ಗೇಣಿನಷ್ಟು ಎತ್ತರದಲ್ಲಿ ಓಡುತ್ತದೆ. ಹೆಸರು ರಾಶಿಯ ದಿನಗಳಲ್ಲಿ ನಮ್ಮ ರಸ್ತೆಗಳನ್ನು ನೆನಪಿಸಿಕೊಳ್ಳಿ. ಕಣ ಮಾಡಲು ಜಾಗವಿಲ್ಲದೆ ಹೆಸರಿನ ಬಳ್ಳಿಯನ್ನು ಡಾಂಬರಿನ ಮೇಲೆಯೇ ಹರವಿರುತ್ತಾರೆ, ಲಾರಿ ಬಸ್ಸುಗಳ ಗಾಲಿಯೇ ಒಕ್ಕುವ ಗುಂಡು. ಅದರ ಮೇಲೆ ಹಾಯುವಾಗ ಒಣಗಿದ ಬಳ್ಳಿಯ ಒಂದು ಎಳೆ ಆ ಪುಟ್ಟ ಗಾಲಿಗೆ ಸುತ್ತಿಕೊಂಡರೆ ಎರಡೇ ಸುತ್ತಿನಲ್ಲಿ ಯಂತ್ರ ಮೇಲಕ್ಕೆ ಎಳೆದುಕೊಂಡು ಚಕ್ರದ ಕಡ್ಡಿಗೆ ಸಿಗುತ್ತದೆ. ಯಂತ್ರವೂ ಹೋಗುತ್ತದೆ, ಅದು ಕೂತ ಕೊಕ್ಕೆಯೂ ಬಗ್ಗುತ್ತದೆ, ಕಡ್ಡಿಯೂ ಮುರಿಯುತ್ತದೆ. ಇಳಿದು ತಳ್ಳಿಕೊಂಡು ದಾಟಿದರೆ ಐದು ನಿಮಿಷ ಹೋಗಬಹುದು, ಸೈಕಲ್ ಉಳಿಯುತ್ತದೆ.

ಎರೆ ಮಣ್ಣು ಇದಕ್ಕಿಂತ ದೊಡ್ಡ ಶತ್ರು. ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುವ ಈ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಹದ ಮಳೆಯಾದ ಮರುದಿನ ಹೊಲದ ದಾರಿಗೆ ಇಳಿದ ಸೈಕಲ್ಲಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅದು ಮೆತ್ತಿ ಕೂತರೆ ಚಕ್ರ ತಿರುಗುವುದೇ ಇಲ್ಲ. ನಮ್ಮ ಹಿರಿಯರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಊರು ಸೇರಿದ್ದು ಈ ಕಾರಣಕ್ಕೆ. ಚೈನ್ ದಾಟಿಸುವ ಯಂತ್ರದ ಸ್ಪ್ರಿಂಗು, ಗಾಲಿ, ಆರೇಳು ಹಲ್ಲುಚಕ್ರಗಳ ನಡುವಿನ ಬೆರಳೂ ಹೋಗದ ಸಂದು, ಎಲ್ಲ ಕಡೆ ಆ ಮಣ್ಣು ಸೇರಿ ಒಣಗಿದರೆ ಗಾರೆ ಮೆತ್ತಿದಂತಾಗುತ್ತದೆ. ಒಣಗುವ ಮೊದಲೇ ನೀರು ಹೊಡೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಚೈನಿಗೆ ಎಣ್ಣೆ ಬಿಡಬೇಕು. ಇಷ್ಟು ಕೆಲಸ ದಿನಾ ಮಾಡುವ ತಾಳ್ಮೆ ಇದ್ದವರಿಗೆ ಮಾತ್ರ ಆ ಯಂತ್ರ ಮಳೆಗಾಲದ ಜೊತೆಗಾರ.

ನನಗೆ ಈ ಬಯಲಿಗೆ ಒಪ್ಪುವುದು ಹಿಂದಿನ ಚಕ್ರದ ಗುಂಬದ, ಅಂದರೆ ಹಬ್ಬಿನ, ಒಳಗೇ ಗೇರು ಅಡಗಿರುವ ಮೂರು ಗೇರಿನ ಏರ್ಪಾಡು. ಇದು ಹೊಸದಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಿಂದ ಸ್ಟರ್ಮಿ-ಆರ್ಚರ್ ಎಂಬ ಹೆಸರಿನಲ್ಲಿ ಬಂದ ಮೂರು ಗೇರಿನ ಹಬ್ಬಿಗೆ ಪೇಟೆಂಟ್ ಆದದ್ದು 1902ರಲ್ಲಿ. ಆಂಡ್ರ್ಯೂ ರಿಚಿ 1970ರ ದಶಕದ ನಡುವಿನಲ್ಲಿ ಲಂಡನ್ನಿನ ತನ್ನ ಮನೆಯಲ್ಲಿ ರೂಪಿಸಿದ ಬ್ರಾಂಪ್ಟನ್ ಮಡಚುವ ಸೈಕಲ್ಲೂ ಇಂಥ ಮೂರು ಗೇರಿನ ಹಬ್ಬನ್ನೇ ನಂಬಿ ಬೆಳೆಯಿತು. ಹಬ್ಬಿನೊಳಗೆ ನಡುವೆ ಒಂದು ಹಲ್ಲುಚಕ್ರ, ಅದರ ಸುತ್ತ ತಿರುಗುವ ಪುಟ್ಟ ಹಲ್ಲುಚಕ್ರಗಳು, ಹೊರಗೆ ಒಳಮುಖದ ಹಲ್ಲಿನ ಒಂದು ಬಳೆ. ಚೈನಿನ ಬಲ ಇವುಗಳಲ್ಲಿ ಯಾವುದಕ್ಕೆ ಹೊಕ್ಕು ಯಾವುದರಿಂದ ಹೊರಬರುತ್ತದೆ ಎಂಬುದರ ಮೇಲೆ ಗೇರು ಬದಲಾಗುತ್ತದೆ. ಹೊರಗೆ ಕಾಣುವುದು ಒಂದೇ ಚೈನು, ಹಿಂದೆ ಒಂದೇ ಹಲ್ಲುಚಕ್ರ. ಬಳ್ಳಿ ಸುತ್ತಿಕೊಳ್ಳಲು ಜೋತುಬಿದ್ದದ್ದು ಏನೂ ಇಲ್ಲ. ಚೈನಿಗೆ ಪೂರಾ ಮುಚ್ಚಳ ಹಾಕಿಸಬಹುದು, ಧೋತರಕ್ಕೂ ಸೀರೆಗೂ ಅಪಾಯವಿಲ್ಲ.

ಇನ್ನೊಂದು ಉಪಕಾರವಿದೆ, ಅದನ್ನು ನಮ್ಮ ರಸ್ತೆಯಲ್ಲಿ ಓಡಾಡಿದವರೇ ಬಲ್ಲರು. ತಿರುವಿನಲ್ಲಿ ಕುರಿ ಹಿಂಡು ಎದುರಾಯಿತು, ಥಟ್ಟನೆ ನಿಲ್ಲಿಸಿದಿರಿ. ಚೈನ್ ದಾಟಿಸುವ ಯಂತ್ರ ಪೆಡಲ್ ತಿರುಗದೆ ಗೇರು ಬದಲಿಸಲಾರದು, ಹಿಂಡು ದಾಟಿದ ಮೇಲೆ ಭಾರದ ಗೇರಿನಲ್ಲೇ ಮುಕ್ಕಿರಿದು ಹೊರಡಬೇಕು. ಹಬ್ಬಿನ ಗೇರು ನಿಂತಲ್ಲೇ ಬದಲಾಗುತ್ತದೆ. ಕುರಿಗಳು ಹಾಯುವಷ್ಟರಲ್ಲಿ ಒಂದನೇ ಗೇರಿಗೆ ಇಳಿಸಿ ಸಿದ್ಧವಾಗಿರಬಹುದು.

ಸ್ಟರ್ಮಿ-ಆರ್ಚರ್‌ನ ಹಳೆಯ ಹಬ್ಬಿನಲ್ಲಿ ಒಂದನೇ ಗೇರು ಎರಡನೆಯದಕ್ಕಿಂತ ಶೇ 25ರಷ್ಟು ಹಗುರ, ಮೂರನೆಯದು ಶೇ 33ರಷ್ಟು ಭಾರ. ಈ ಮೂರನ್ನು ಎಲ್ಲಿ ಕೂರಿಸಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಮುಂದೆ 46, ಹಿಂದೆ 18 ಹಾಕಿದರೆ 20 ಇಂಚಿನ ಚಕ್ರದಲ್ಲಿ ಸುಮಾರು 3, 4 ಮತ್ತು 5.3 ಮೀಟರ್. ಮೂರನೆಯದು ಕರಿ ಸೈಕಲ್ಲಿನ ಹಳೆಯ ಗೇರಿಗೆ ಸಮೀಪ, ಅದು ಬೆನ್ನಗಾಳಿಗೆ. ಎರಡನೆಯದು ದಿನದ ಓಡಾಟಕ್ಕೆ. ಒಂದನೆಯದು ಆಷಾಢಕ್ಕೆ. ಕಾಲಿಗೆ ಇನ್ನೂ ಹಗುರ ಬೇಕೆಂದರೆ ಹಿಂದಿನ 18 ತೆಗೆದು 20 ಹಾಕಿ. ಹಬ್ಬಿನ ದೋಷವನ್ನೂ ಹೇಳಬೇಕು. ಬಿಡಿಭಾಗ ಹುಬ್ಬಳ್ಳಿಯಲ್ಲೂ ಸುಲಭಕ್ಕೆ ಸಿಗುವುದಿಲ್ಲ, ತರಿಸಬೇಕು. ಕೇಬಲ್ ಸಡಿಲಾದರೆ ಗೇರು ಜಾರುತ್ತದೆ, ಅದನ್ನು ಬಿಗಿ ಮಾಡುವುದನ್ನು ನೀವೇ ಕಲಿಯಬೇಕು, ಕಲಿಯಲು ಹತ್ತು ನಿಮಿಷ ಸಾಕು. ಪಂಚರ್ ಆದಾಗ ಹಿಂದಿನ ಚಕ್ರ ಬಿಚ್ಚುವುದು ಕಷ್ಟ ಎಂದು ಹೆದರಿಸುವವರಿದ್ದಾರೆ. ನಮ್ಮ ಪಂಚರ್ ಅಂಗಡಿಯವರು ಚಕ್ರ ಬಿಚ್ಚುವುದೇ ಇಲ್ಲ, ಟೈರಿನ ಒಂದು ಮಗ್ಗುಲು ಎಬ್ಬಿಸಿ ಟ್ಯೂಬು ಹೊರಗೆಳೆದು ತುಂಡು ಅಂಟಿಸುತ್ತಾರೆ. ಜಾಲಿಮುಳ್ಳಿನ ನಾಡಿನಲ್ಲಿ ಆ ವಿದ್ಯೆ ಪ್ರತಿ ಊರಲ್ಲೂ ಇದೆ.

ಚಕ್ರದ ಅಳತೆಯನ್ನೂ ಈ ಕಾರಣಕ್ಕೇ ನೋಡಬೇಕು. 20 ಇಂಚಿನ ಸೈಕಲ್ಲಿನ ರಿಮ್ಮಿಗೆ 406 ಎಂಬ ಗುರುತಿದ್ದರೆ ಮಕ್ಕಳ 20 ಇಂಚಿನ ಸೈಕಲ್ಲಿನ ಟ್ಯೂಬು ಅದಕ್ಕೆ ಆಗುತ್ತದೆ, ಅಣ್ಣಿಗೇರಿಯಲ್ಲೂ ಸಿಗುತ್ತದೆ. ಬ್ರಾಂಪ್ಟನ್ ಮಾದರಿಯ 16 ಇಂಚಿನದು 349. ಮಕ್ಕಳ 16 ಇಂಚಿನದು 305. ಹೆಸರು ಒಂದೇ ಆದರೂ ಆ ಟೈರು ಇದಕ್ಕೆ ಕೂರುವುದಿಲ್ಲ. ಮಡಚಿದಾಗ ಪುಟ್ಟದಾಗುತ್ತದೆ ಎಂದು 16 ಇಂಚಿನದನ್ನು ತಂದರೆ ಟೈರು ಹರಿದ ದಿನ ಸೈಕಲ್ ಮೂಲೆ ಸೇರುತ್ತದೆ. ಎರೆ ಬಿರುಕಿನ ದಾರಿಗೂ ಅಷ್ಟು ಸಣ್ಣ ಚಕ್ರ ಸಲ್ಲದು.

ಕಲಘಟಗಿಯ ಲೆಕ್ಕ ಬೇರೆಯೇ. ಮಿಶ್ರಿಕೋಟಿ ದಾಟಿ ಪಡುವಲಿಗೆ ಸರಿದಂತೆ ಎರೆ ಮುಗಿದು ಕೆಂಪು ನೆಲ, ಭತ್ತದ ಗದ್ದೆ, ಕಾಡಿನ ಅಂಚು. ಗಾಳಿಯನ್ನು ಮರಗಳು ತಡೆಯುತ್ತವೆ, ಆದರೆ ಬೇಡ್ತಿಯ ಕಡೆಗೆ ಇಳಿದು ಹತ್ತುವ ದಾರಿಗಳಲ್ಲಿ ನಿಜವಾದ ಏರು ಇದೆ. ಇಲ್ಲಿ ಮೂರು ಗೇರಿನ ಹಬ್ಬು ಸಾಲದು. ಮುಂದೆ 44, ಹಿಂದೆ 14ರಿಂದ 28 ಇದ್ದರೆ 2.4ರಿಂದ 4.9 ಮೀಟರ್ ಸಿಗುತ್ತದೆ. ಹಿಂದಿನ ದೊಡ್ಡ ಹಲ್ಲುಚಕ್ರ 34ರದ್ದಾದರೆ ಎರಡು ಮೀಟರ್, ಯಾವ ಏರನ್ನಾದರೂ ಕೂತೇ ಹತ್ತಬಹುದು. ಆದರೆ 34ಕ್ಕೆ ಉದ್ದ ತೋಳಿನ ಯಂತ್ರ ಬೇಕು, ಅದು ನೆಲಕ್ಕೆ ಇನ್ನೂ ಹತ್ತಿರ ಇಳಿಯುತ್ತದೆ. ಡಾಂಬರು ಬಿಡದೆ ಹೋಗುವವರಿಗೆ ಅಡ್ಡಿಯಿಲ್ಲ.

ಗೇರು ಎಂದರೆ ಕಾಲೇಜು ಹುಡುಗರ ಶೋಕಿ, ಗಟ್ಟಿ ಆಳಿಗೆ ಬೇಡ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಅದು ನಮ್ಮೊಬ್ಬರದೇ ಅಲ್ಲ. ಫ್ರಾನ್ಸಿನ ಪಾಲ್ ದ ವಿವಿ, ವೆಲೊಸಿಯೊ ಎಂದು ಹೆಸರಾದವರು, ಇಪ್ಪತ್ತನೇ ಶತಮಾನದ ಆರಂಭದಿಂದಲೇ ಗೇರಿನ ಪರವಾಗಿ ವಾದಿಸಿದರೂ ಟೂರ್ ದ ಫ್ರಾನ್ಸ್ ಸ್ಪರ್ಧೆ ಚೈನ್ ದಾಟಿಸುವ ಯಂತ್ರಕ್ಕೆ ಬಾಗಿಲು ತೆರೆದದ್ದು 1937ರಲ್ಲಿ. ಅಲ್ಲಿಯವರೆಗೆ ಆಲ್ಪ್ಸ್ ಪರ್ವತ ಹತ್ತುವ ಸ್ಪರ್ಧಿಗಳು ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಬೇರೆ ಹಲ್ಲಿಗೆ ಚೈನು ಕೂರಿಸುತ್ತಿದ್ದರು. ಇಂದು ವಿಜಯಪುರ, ಬಾಗಲಕೋಟೆಯ ಕ್ರೀಡಾ ನಿಲಯಗಳಲ್ಲಿ ಬೆಳೆದು ರಾಷ್ಟ್ರಮಟ್ಟದಲ್ಲಿ ಗೆಲ್ಲುವ ನಮ್ಮ ಉತ್ತರ ಕರ್ನಾಟಕದ ಸೈಕಲ್ ಪಟುಗಳು ಇಂಥದೇ ಗಾಳಿಯ ಬಯಲಲ್ಲಿ ತುಳಿದು ಬಂದವರು. ರಸ್ತೆಯ ಸ್ಪರ್ಧೆಯಲ್ಲಿ ಅವರಲ್ಲಿ ಯಾರೂ ಗೇರಿಲ್ಲದೆ ಓಡುವುದಿಲ್ಲ. ಅವರಿಗೆ ಬೇಕಾದದ್ದು ಹಾಲಿನ ಕ್ಯಾನು ಕಟ್ಟಿಕೊಂಡ ಐವತ್ತರ ಹೆಣ್ಣುಮಗಳಿಗೆ ಬೇಡವೇ?

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗ ಪಕ್ಕದೂರಿನ ಹೈಸ್ಕೂಲಿಗೆ ಸಾಲಾಗಿ ಸೈಕಲ್ ತುಳಿಯುವ ಹುಡುಗಿಯರು ನಮ್ಮ ರಸ್ತೆಗಳ ಚಹರೆಯನ್ನೇ ಬದಲಿಸಿದರು. ಅದು ದೊಡ್ಡ ಕೆಲಸ. ಆದರೆ ರಾಜ್ಯಕ್ಕೆಲ್ಲ ಒಂದೇ ಗೇರಿನ ಸೈಕಲ್, ಕಲಘಟಗಿಯ ಏರಿಗೂ ನವಲಗುಂದದ ಗಾಳಿಗೂ ಅದೇ ಹಲ್ಲು. ಹದಿಮೂರು ವರ್ಷದ ಹುಡುಗಿಯ ಕಾಲಿಗೆ ಹಿಂದಿನ ಫ್ರೀವ್ಹೀಲಿನಲ್ಲಿ ಎರಡು ಹಲ್ಲು ಹೆಚ್ಚಿದ್ದರೂ ದಾರಿ ಹತ್ತರಲ್ಲಿ ಒಂದು ಪಾಲು ಹಗುರವಾಗುತ್ತಿತ್ತು. ಫ್ರೀವ್ಹೀಲ್ ಬದಲಿಸಲು ಬೇಕಾದದ್ದು ಕೆಲವು ನೂರು ರೂಪಾಯಿ, ಒಂದು ಬಿಚ್ಚುವ ಸಲಕರಣೆ, ಅರ್ಧ ತಾಸು. ಮನೆಯಲ್ಲಿ ಅಂಥ ಸೈಕಲ್ ಇದ್ದರೆ ಇವತ್ತಿಗೂ ಅದನ್ನು ಮಾಡಿಸಬಹುದು. ಚೈನು ಗಿಡ್ಡಾದರೆ ಒಂದೆರಡು ಕೊಂಡಿ ಸೇರಿಸಿದರಾಯಿತು.

ಮಡಚುವ ಸೈಕಲ್ ಕೊಂಡ ಮೇಲೆ ಬಸ್ಸು ಹತ್ತುವ ಮುಂಚಿನ ಒಂದು ರೂಢಿ. ಹಿಂದೆ ಯಂತ್ರ ಇರುವ ಸೈಕಲ್ಲಾದರೆ ಮಡಚುವ ಮೊದಲು ಚೈನನ್ನು ಎಲ್ಲಕ್ಕಿಂತ ಸಣ್ಣ ಹಲ್ಲುಚಕ್ರಕ್ಕೆ ತನ್ನಿ. ಆಗ ಯಂತ್ರ ಹೊರಬದಿಗೆ ಸರಿದು ಕಡ್ಡಿಗಳಿಂದ ದೂರ ನಿಲ್ಲುತ್ತದೆ, ಯಾರದಾದರೂ ಗೋಣಿಚೀಲ ಒರಗಿದರೂ ಒಳಕ್ಕೆ ಬಾಗಿ ಕಡ್ಡಿಗೆ ಸಿಗುವ ಭಯ ಕಡಿಮೆ. ಯಂತ್ರವಿರುವ ಮಗ್ಗುಲನ್ನು ಮೇಲೆ ಮಾಡಿ ಇಡಿ. ಇಳಿದು ಬಿಡಿಸಿದ ಮೇಲೆ ಹತ್ತುವ ಮುನ್ನ ಹಿಂದಿನ ಚಕ್ರ ಎತ್ತಿ, ಪೆಡಲ್ ಕೈಯಲ್ಲಿ ತಿರುಗಿಸಿ, ಹಗುರದ ಗೇರಿಗೆ ತಂದುಕೊಳ್ಳಿ. ಕ್ರಾಸಿನಿಂದ ಊರಿನ ದಾರಿಗೆ ತಿರುಗಿದ ಕೂಡಲೇ ಗಾಳಿ ಸಿಗುತ್ತದೆ.